ಮಣೆಯ ಎತ್ತರ

ಮೊದಲು ಕೇಳಿದ್ದು ಮೂರೇ ಬೆರಳು ಎತ್ತರ.
ಕಕ್ಕಡದ ಮಳೆ. ಶನಿವಾರಸಂತೆಯ ಛತ್ರದ ಒಳಗೂ ನೀರು.
ಇಪ್ಪತ್ತು ದಾಟದ ಹುಡುಗ, ಹೆಗಲಿಗೊಂದು ಜೋಳಿಗೆ,
ಒದ್ದೆ ಕಾವಿ ಹಿಂಡಿಕೊಳ್ಳುತ್ತ ಅಂದ:
'ಆಚಾರ್ರೇ, ನೆಲ ಜಿನುಗುತ್ತಿದೆ,
ಕೂರಲು ಒಂದು ಹಲಗೆ ಸಿಕ್ಕೀತೆ?'
ಹಲಸಿನ ತುಂಡೊಂದಿತ್ತು, ಯಾರದೋ ತೊಟ್ಟಿಲಿಗೆಂದು ತೆಗೆದಿಟ್ಟದ್ದು;
ಆ ಮಗು ಉಳಿಯಲಿಲ್ಲ.
ಅದಕ್ಕೇ ಎರಡು ಅಡ್ಡಪಟ್ಟಿ ಬಡಿದು ಕೊಟ್ಟೆ.
ಕಾಸು ಕೇಳಲಿಲ್ಲ, ಅವನ ಬಳಿ ಇರಲೂ ಇಲ್ಲ.

ಏನೂ ಬೇಡವೆಂದವನ ಬಾಗಿಲಿಗೆ
ಜನ ಎಲ್ಲವನ್ನೂ ಹೊತ್ತು ತರುತ್ತಾರೆ.
ಉಪವಾಸ ಕೂತನೆಂದು ಅಕ್ಕಿ ಮೂಟೆ,
ಮೌನ ಹಿಡಿದನೆಂದು ಮೈಕು.
ಮೆಣಸಿಗೆ ರೇಟು ಬಂದ ವರ್ಷ ಒಬ್ಬ
ಜೀಪನ್ನೇ ತಂದು ನಿಲ್ಲಿಸಿ, ಕೀಲಿಕೈ ಪಾದದ ಹತ್ತಿರ ಇಟ್ಟು,
ಮಳೆಯಲ್ಲಿ ನಡೆದೇ ಮನೆಗೆ ಹೋದ.

ಎರಡನೆಯ ಮಣೆ ಒಂದು ಗೇಣು:
ಹಿಂದೆ ಕೂತವರಿಗೆ ಕಾಣುವುದಿಲ್ಲವಂತೆ.
ಮೂರನೆಯದು ಮೊಳ. ಅದು ಚುನಾವಣೆಯ ವರ್ಷ.
ಗೆದ್ದವನೂ ಸೋತವನೂ ಒಂದೇ ಚಾಪೆಯಲ್ಲಿ ರಾಜಿಯಾದರು.
ಅವರ ತಲೆ ಬುದ್ಧಿಯವರ ಮಂಡಿಗಿಂತ ಎಷ್ಟು ಕೆಳಗಿರಬೇಕೆಂದು
ಪಾರುಪತ್ಯದ ನಂಜುಂಡಾರಾಧ್ಯರು ದಾರ ಹಿಡಿದು ತೋರಿಸಿದರು.
ಪೆನ್ಸಿಲ್ ಕಿವಿಗೆ ಸಿಕ್ಕಿಸಿ ತಲೆಯಾಡಿಸಿದೆ.
ಆಚಾರಿಗೆ ಅಳತೆ ಕೊಟ್ಟರಾಯಿತು;
ಅರ್ಥ ಬೇರೆಯವರ ಕಸುಬು.

ನಾಲ್ಕನೆಯದಕ್ಕೆ ಬೀಟೆ.
ನನ್ನ ಹಿತ್ತಲಲ್ಲೇ ಬಿದ್ದ ಬೀಟೆಯ ಕೊಂಬೆ ಮುಟ್ಟಲು
ಹನ್ನೊಂದು ಸಲ ರೇಂಜರ್ ಕಚೇರಿಗೆ ಅಲೆದವನು ನಾನು.
ಮಠಕ್ಕೆ ದಿಮ್ಮಿ ಇಲಾಖೆಯ ಲಾರಿಯಲ್ಲೇ ಬಂತು.
ರೇಂಜರೇ ಮುಂದೆ ಕೂತಿದ್ದ,
ಬೂಟು ಗೇಟಿನಲ್ಲೇ ಬಿಚ್ಚಿದ.

ನಮ್ಮ ಸೀಮೆಗೆ ಇದೇನು ಹೊಸತಲ್ಲ.
ಹಾಲೇರಿ ಕಡೆಯವಳು ನನ್ನಜ್ಜಿ, ಹೇಳುತ್ತಿದ್ದಳು:
ಜಂಗಮನೊಬ್ಬ ಬಂದನಂತೆ,
ಮೊದಲು ಮನೆಗಿಷ್ಟು ಭತ್ತ ಕೇಳಿದನಂತೆ,
ಆಮೇಲೆ ಸರದಿಯ ಮೇಲೆ ಕಾವಲಿಗೆ ಗಂಡಸರನ್ನು,
ಆಮೇಲೆ ಕೇಳುವುದನ್ನೇ ಬಿಟ್ಟನಂತೆ.
ಅಲ್ಲಿಗೆ ಕತೆ ನಿಲ್ಲಿಸಿ ಅಜ್ಜಿ
ಎಲೆಗೆ ಸುಣ್ಣ ಹಚ್ಚುವಳು.

ಹೋದ ಚಳಿಗಾಲ ಜೇನುಕುರುಬರ ಮಾಸ್ತಿ ಬಂದಳು,
ಜೊತೆಗೆ ಒಂಬತ್ತು ಜನ.
ಪೈಸಾರಿ ಜಾಗ ಮಠದ ಕಾಲೇಜಿಗೆ ಮಂಜೂರಾಗಿತ್ತು,
ನಕ್ಷೆಯಲ್ಲಿ ಅವರ ಗುಡಿಸಲುಗಳು ಇರಲಿಲ್ಲ.
ನಾನು ಪೀಠದ ಕಾಲಿಗೆ ಮೆರುಗು ಬಳಿಯುತ್ತಿದ್ದೆ.
'ಬುದ್ಧೀ, ಕೇಳ್ತದಾ?' ಅಂದಳು ಕೆಳಗಿನಿಂದ.
ಕೇಳಿಸಲಿಲ್ಲ. ಇಲ್ಲ, ಕೇಳಿಸಿತು, ಬಾಗಿದರು;
ಅಷ್ಟರಲ್ಲಿ ಯಾರೋ ಕೈಗೆ ಕಲ್ಲುಸಕ್ಕರೆ ಇಟ್ಟು
ಅವಳನ್ನು ಎಬ್ಬಿಸಿದ್ದರು.

ಆ ರಾತ್ರಿ ನನಗೆ ಹೇಳಿಕಳಿಸಿದರು.
ನೆಲಕ್ಕಿಳಿದು ಕೂತಿದ್ದರು, ಗಡ್ಡ ಪೂರ್ತಿ ಬಿಳಿ,
ಛತ್ರದ ಹುಡುಗನ ಹಾಗೇ ಮಂಡಿ ತಬ್ಬಿಕೊಂಡು.
'ಆಚಾರ್ರೇ, ಕಾಲು ಕತ್ತರಿಸಿ.'
ಬೆಚ್ಚಿದೆ. 'ಪೀಠದ್ದು,' ಎಂದು ನಕ್ಕರು.
'ದಿನಕ್ಕೊಂದು ಬೆರಳು. ಯಾರಿಗೂ ತಿಳಿಯಬಾರದು.'

ಬೀಟೆ ಗರಗಸಕ್ಕೆ ಸುಲಭದಲ್ಲಿ ಬಗ್ಗದು.
ಏಳು ರಾತ್ರಿ, ಏಳು ಬೆರಳು.
ನೇರಳೆ ಬಣ್ಣದ ಹೊಟ್ಟನ್ನು ಪಂಚೆಯಲ್ಲಿ ಕಟ್ಟಿ ಒಯ್ದೆ.
ಎಂಟನೆಯ ದಿನ ಹೋದರೆ
ಪೀಠ ಮೊದಲಿನ ಎತ್ತರಕ್ಕೇ ಇತ್ತು.
ಕೆಳಗೆ ಅಮೃತಶಿಲೆಯ ಕಟ್ಟೆ, ಸರಿಯಾಗಿ ಏಳು ಬೆರಳು,
ಸಿಮೆಂಟು ಇನ್ನೂ ಹಸಿ.
ಯಾರೂ ನನ್ನನ್ನು ಏನೂ ಕೇಳಲಿಲ್ಲ.
ನಂಜುಂಡಾರಾಧ್ಯರು ಕೂಲಿ ಕೊಟ್ಟರು,
ಏಳು ರಾತ್ರಿಯದು, ಎಣಿಸಿ.
ತಗೊಂಡೆ.

ಮೊದಲ ಮಣೆಯನ್ನು ಈಗ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ,
ಹೂವು, ಬಲ್ಬು, ಎದುರಿಗೊಂದು ಹುಂಡಿ.
ಹೋಗಿ ನೋಡಿದೆ. ಶ್ರೀಗಂಧದ್ದು, ಅಂಚಿಗೆಲ್ಲ ಕೆತ್ತನೆ.
ನನ್ನ ಹಲಸು ಎಲ್ಲಿ ಹೋಯಿತೆಂದು ಕೇಳಲು ಬಾಯಿ ಬರಲಿಲ್ಲ.
ಹಿಂದೆ ಸಾಲು ಉದ್ದವಿತ್ತು, ತಳ್ಳುತ್ತಿದ್ದರು.
ಐದು ರೂಪಾಯಿ ಹಾಕಿ
ಮುಂದೆ ಸರಿದೆ.