ಹಿಸ್ಸೆ

ಮುಹರಕ್ಕಿನ ಕೈಸರಿಯಾ ಸೂಕಿನಲ್ಲಿ
ಅಸರ್ ನಮಾಜು ಮುಗಿದ ಮೇಲೆ ಬಂದಳು.
ಮೂಗಿಗೆ ಸಣ್ಣ ಕೊಳವೆ,
ಹಿಂದೆ ಸಿಲಿಂಡರಿನ ಗಾಡಿ ಎಳೆಯುವ ಕೆಲಸದ ಹುಡುಗಿ.
ನನ್ನ ಅಂಗಡಿಗೆ ಎರಡೇ ಮೆಟ್ಟಿಲು.
ಎರಡನೆಯದರಲ್ಲಿ ನಿಂತವಳು
ಬಹಳ ಹೊತ್ತು ಮಾತಾಡಲಿಲ್ಲ.

ಹೆಸರು ಹಿಸ್ಸಾ.
ನಮ್ಮ ಕಡೆ ಹಿಸ್ಸೆ ಎಂದರೆ ಪಾಲು, ಎಂದೆ, ಮಾತಿಗೆ.
ಇಲ್ಲೂ ಅದೇ, ಎಂದಳು,
ಔಷಧಿ ಚೀಲದಿಂದ ಉಂಗುರ ತೆಗೆದು ಮಣೆಯ ಮೇಲಿಟ್ಟಳು.

ಹಳೆಯ ಚಿನ್ನ, ಕೈಕೆಲಸ, ಒಳಮೈ ಸವೆದು ನುಣ್ಣಗೆ.
ಮೇಲೆ ಕಡಲೆ ಗಾತ್ರದ ಮುತ್ತು, ತುಸು ಹಳದಿ,
ಮಗುವಿನ ಹಾಲುಹಲ್ಲಿನ ಬಣ್ಣ.

ಅಜ್ಜನದು. ನಾಖುದಾ ಕೊಟ್ಟದ್ದು, ಸಾಲದ ಜೊತೆಗೆ.
ತೊಟ್ಟವನಿಗೆ ನೀರಿನಡಿ ಉಸಿರು ಮುಗಿಯುವುದಿಲ್ಲ.
ಮುಗಿಯುವುದಿಲ್ಲ, ಅಷ್ಟೇ.
ಎಲ್ಲಿಂದ ಬರುತ್ತದೆಂದು ಯಾರೂ ಕೇಳಲಿಲ್ಲ.
ಅಜ್ಜ ತಳ ಗುಡಿಸಿ ಚಿಪ್ಪು ತಂದ ಬೇಸಿಗೆಯಲ್ಲಿ
ಮನೆಯಲ್ಲಿ ಅವನ ತಮ್ಮ, ಇಪ್ಪತ್ತರ ಹುಡುಗ,
ಒಣ ಮರಳಿನ ಮೀನಿನಂತೆ ಬಾಯ್ಬಿಟ್ಟು ಹೋದ.
ಆಮೇಲೆ ಸಾಲವೂ ಉಂಗುರವೂ ಅಪ್ಪನಿಗೆ ಬಂತು.
ಆಮೇಲೆ ಅಮ್ಮ.

ಈಗ ಮೊಮ್ಮಗ ಘಾನಿಮ್ ಪೆಟ್ಟಿಗೆ ತೆರೆದಿದ್ದಾನೆ.
ಹೋಟೆಲಿನ ಈಜುಕೊಳ, ಹನ್ನೊಂದು ನಿಮಿಷ,
ಗೆಳೆಯರು ಮೊಬೈಲು ಹಿಡಿದು ಚಪ್ಪಾಳೆ.
ಆ ಹನ್ನೊಂದು ನಿಮಿಷ ನಾನು ಅಡುಗೆಮನೆಯ ನೆಲದ ಮೇಲಿದ್ದೆ.
ಅವನಿಗೆ ಹೇಳಿಲ್ಲ. ನೀನೂ ಹೇಳಬೇಡ.

ನಂಬಲಿಲ್ಲ. ಅಕ್ಕಸಾಲಿ ನಂಬುವುದು ಒರೆಗಲ್ಲನ್ನು.
ಅಳತೆ ನೋಡೋಣವೆಂದು ಕಿರುಬೆರಳಿಗೆ ಏರಿಸಿ
ಅರ್ಧಕ್ಕೆ ಬಿಟ್ಟಿದ್ದ ಬೆಸುಗೆಗೆ
ಊದುಗೊಳವೆ ಬಾಯಿಗಿಟ್ಟೆ.

ಕೆನ್ನೆ ದಣಿಯಲಿಲ್ಲ.
ಉರಿ ನೀಲಿ ಸೂಜಿಯಾಗಿ ನೆಟ್ಟಗೆ ನಿಂತಿತು.
ನೂರು ಎಣಿಸಿದೆ. ಇನ್ನೂರು. ಊದುತ್ತಲೇ ಇದ್ದೆ.
ಅಪ್ಪ ನೋಡಿದ್ದರೆ ಅತ್ತುಬಿಡುತ್ತಿದ್ದ
ಅಂಥ ಉರಿ.

ಫೋನು ಅದುರಿತು. ಅಂಕೋಲೆ. ತಂಗಿ ಸುಲೋಚನೆ.
ಏನಿಲ್ಲ ಅಣ್ಣಾ, ಬಾವಿಕಟ್ಟೆಯಲ್ಲಿದ್ದೆ,
ಒಮ್ಮೆಲೇ ಯಾರೋ ಎದೆ ಹಿಂಡಿದ ಹಾಗಾಯ್ತು.
ಈಗ ಸರಿ. ನೀನು ಹುಷಾರಲ್ಲ?

ಅಮ್ಮನ ಹಾಸಿಗೆ ಹನ್ನೆರಡು ವರ್ಷ ಒಗೆದವಳು.
ಉಂಗುರ ತೊಡುವ ಮೊದಲು
ನಾನು ಯಾರದನ್ನು ಉಸಿರಾಡುತ್ತಿದ್ದೆನೋ.

ಸಾಬೂನು ಹಚ್ಚಿ ಎಳೆದು ತೆಗೆದು ಮೂಸೆಗೆ ಹಾಕಿದೆ.
ಗ್ಯಾಸಿನ ಯಂತ್ರ ಇತ್ತು, ತಿರುಪಿದರೆ ಸಾಕು.
ಬೇಡ, ಎಂದಳು ಹಿಸ್ಸಾ. ನಿನ್ನದೇ ಉಸಿರಲ್ಲಿ ಊದು.

ಐವತ್ತೆಂಟರ ಎದೆ, ಬೀಡಿ ಬಿಟ್ಟು ಮೂರೇ ವರ್ಷ.
ನಾಲ್ಕು ಊದಿಗೆ ಒಮ್ಮೆ ನಿಲ್ಲಬೇಕು,
ನಿಂತಾಗ ಉರಿ ಹಳದಿಯಾಗಿ ಬಾಗಬೇಕು,
ನಾನು ಏದುಸಿರು ಬಿಡಬೇಕು.
ಅವಳು ಕೈಯೆತ್ತುತ್ತಿದ್ದಳು: ನಿಧಾನ, ನಿಧಾನ.
ಅವಳ ಸಿಲಿಂಡರು ಒಂದು ಕಡೆ ಸುಸ್ಸೆನ್ನುತ್ತ
ನಾನು ಒಂದು ಕಡೆ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.
ಹೊಗೆಯೋ ಕೂಗೋ ಏನೋ ಎದ್ದೀತೆಂದು ಕಾದಿದ್ದೆ.
ಅಡಿಕೆ ಕತ್ತರಿಸಿದಷ್ಟು ಸದ್ದು.
ಚಿಪ್ಪು ಸುಟ್ಟ ವಾಸನೆ,
ನಮ್ಮ ಹೊಳೆದಂಡೆಯ ಸುಣ್ಣದ ಗೂಡಿನದೇ.

ಬಂದಾಗ ಐದು ಗ್ರಾಂ ತೂಗಿದ ಚಿನ್ನ
ಗುಂಡಾಗಿ ಆರಿದಾಗ ನಾಲ್ಕೂ ಚಿಲ್ಲರೆ.
ಎರಡು ಸಲ ತೂಗಿದೆ.
ಉಳಿದದ್ದು ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ,
ಬೇರೆ ಯಾವ ಗಿರಾಕಿಯಾದರೂ ಪೊಲೀಸರನ್ನು ಕರೆಯುತ್ತಿದ್ದ.

ಮೂಗಿನ ಕೊಳವೆ ತೆಗೆದು ನೋಡಿದಳು.
ಮತ್ತೆ ಸಿಕ್ಕಿಸಿಕೊಂಡಳು.
ಎಂಬತ್ತೊಂದು ವರ್ಷ, ಇದು ಉಂಗುರದ್ದಲ್ಲ, ಎಂದು ನಕ್ಕಳು.
ಮುತ್ತಿನ ಸುಣ್ಣವನ್ನು ಗುಲಾಬಿ ಕಾಗದದಲ್ಲಿ ಕಟ್ಟಿಕೊಟ್ಟೆ.
ಬಿಚ್ಚಿ, ಅರ್ಧ ನನ್ನತ್ತ ತಳ್ಳಿದಳು:
ನೀನೂ ತೊಟ್ಟೆಯಲ್ಲ.
ಗುಂಡು ಇಲ್ಲೇ ಇರಲಿ. ಅವನು ಬರುತ್ತಾನೆ.

ಶುಕ್ರವಾರ ಬಂದ, ಒದ್ದೆ ತಲೆ.
ಅಜ್ಜಿ ಒಂದು ಉಂಗುರ ಕೊಟ್ಟಿದ್ದಳಾ?
ಗುಂಡನ್ನು ತಕ್ಕಡಿಯ ಪಕ್ಕ ಇಟ್ಟೆ.
ನೋಡುತ್ತ ನಿಂತ, ಕೆನ್ನೆ ಉಬ್ಬಿಸಿ,
ಇನ್ನೂ ನೀರಿನಡಿ ಇದ್ದವನಂತೆ.
ಎಷ್ಟೋ ಹೊತ್ತಿನ ಮೇಲೆ ಬಿಟ್ಟ.
ಖಾಲಿ ತಟ್ಟೆ ತುಸು ಅಲುಗಿತು.