ಅರ್ಧ ಇಂಚು

ಡೀಸಿ ಆಫೀಸಿನ ದಫೇದಾರ ಜವರಪ್ಪ
ಬಾದಶಹನನ್ನು ಕಂಕುಳಲ್ಲಿ ಇರುಕಿಕೊಂಡು ಬಂದ,
ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ, ನನ್ನ ಗಾಜಿನಂಗಡಿಗೆ.
ಗಾಜು ಒಡೆದಿದೆ. ಸಾಹೇಬರು ಬದಲಾಗಿದ್ದಾರೆ.
ಕಟ್ಟು ಗಟ್ಟಿ, ತೇಗದ್ದು; ಚಿತ್ರ ತೆಗೆದು
ಜಮಾಬಂದಿ ದಿನದ ಗ್ರೂಪ್ ಫೋಟೋ ಕೂರಿಸಬೇಕಂತೆ.

ಮೇಜಿನ ಮೇಲೆ ದರಬಾರನ್ನು ಅಂಗಾತ ಮಲಗಿಸಿದೆ.
ಅಚ್ಚು ಹಾಕಿದ್ದೇ, ಮೂಲವಲ್ಲ. ಆದರೂ
ಅಳಿಲಬಾಲದ ಕೂದಲಿಂದ ಎಳೆದ ಗಡ್ಡ
ಎಳೆ ಎಳೆಯಾಗಿ ಎಣಿಸಬಹುದು.
ತಲೆಯ ಹಿಂದೆ ಸೂರ್ಯ, ಕಾಲಡಿಗೆ ಭೂಮಿಯ ಗೋಳ,
ಗೋಳದ ಮೇಲೆ ಸಿಂಹ, ಅದರ ಮಗ್ಗುಲಿಗೇ ಕುರಿ;
ಹೆದರಿಲ್ಲ ಅದು, ಹೆದರಕೂಡದೆಂದು ಅಪ್ಪಣೆ.
ಬೇರೆ ದೊರೆಗಳೆಲ್ಲ ಅವನ ಮೊಣಕಾಲೆತ್ತರ.
ಯಾರ ನೆರಳೂ ನೆಲಕ್ಕೆ ಬಿದ್ದಿಲ್ಲ.

‘ಇವನು ನಾನು’ ಎಂದ ಜವರಪ್ಪ,
ಚಾಮರದವನ ಮೇಲೆ ಬೆರಳಿಟ್ಟು.
‘ಇಪ್ಪತ್ತೆರಡು ವರ್ಷ ನೋಡಿದೀನಿ, ಬಾಗಿಲಲ್ಲಿ ನಿಂತು.
ಇದೇ ಕೆಂಪು ಪಟ್ಟಿ, ಇದೇ ರುಮಾಲು.
ಅವನಿಗೂ ಸ್ಟೂಲು ಕೊಟ್ಟಿಲ್ಲ.’
ನಾನು ನಕ್ಕೆ. ಅವನು ನಗಲಿಲ್ಲ.
ದಫೇದಾರ, ಶಿರಸ್ತೇದಾರ, ತಹಶೀಲ್ದಾರ, ಹುಕುಂ, ರುಜು:
ಆ ಚಿತ್ರದಿಂದಲೇ ಇಳಿದು ಬಂದ ಮಾತುಗಳು
ನಮ್ಮ ತಾಲ್ಲೂಕು ಕಚೇರಿಯಲ್ಲಿ ಇನ್ನೂ ಹಾಜರಿ ಹಾಕುತ್ತವೆ.

ಮೊಳೆ ಕಿತ್ತು ಮೌಂಟು ಬಿಡಿಸಿದೆ.
ಅದರಡಿ ಮುಚ್ಚಿಹೋಗಿದ್ದ ಅಂಚಿನಲ್ಲಿ
ಹೆಬ್ಬೆರಳ ಉಗುರಿನಷ್ಟು ಒಬ್ಬ ಮನುಷ್ಯ:
ತೊಡೆಯ ಮೇಲೆ ಹಲಗೆ, ಕೈಯಲ್ಲಿ ಕುಂಚ,
ಬೆನ್ನು ಬಾಗಿದೆ, ಕಣ್ಣು ಮಾತ್ರ ಮೇಲೆ.
‘ಇವನ್ಯಾರು?’
‘ಬರೆದವನಿರಬೇಕು.’
ಇಷ್ಟು ದಿನ ಅವನ ಮೇಲೆ ರಟ್ಟು ಕೂತಿತ್ತು.
ಹಳೇಬೀಡಿನಲ್ಲೂ ವಿಗ್ರಹದ ಪೀಠದಲ್ಲಿ ರೂವಾರಿಯ ಹೆಸರುಂಟು,
ಬಗ್ಗದವರಿಗೆ ಕಾಣುವುದಿಲ್ಲ.

ಜವರಪ್ಪ ಅದನ್ನೇ ನೋಡುತ್ತಿದ್ದ.
ಟೀ ಆರಿತು. ಅರಸೀಕೆರೆ ಬಸ್ಸು ಎರಡು ಹೋದವು.
ಆಮೇಲೆ ಫೋಟೋ ಹೊರತೆಗೆದ.
ನಡುವೆ ಸಾಹೇಬರು; ಕಿಟಕಿಯ ಬಿಸಿಲು
ತಲೆಯ ಹಿಂದೆ ದುಂಡಗೆ ನಿಂತಿದೆ.
ಆಚೀಚೆ ಕುರ್ಚಿಗಳು, ಹುದ್ದೆಯ ಪ್ರಕಾರ.
ಬಲತುದಿಯಲ್ಲಿ ಪರದೆ ಹಿಡಿದ ಒಂದು ಕೈ,
ಕೆಂಪು ಪಟ್ಟಿಯ ತುಣುಕು, ಅರ್ಧ ಮುಖ.
ಅವನೇನೂ ಕೇಳಲಿಲ್ಲ.
ಕೇಳುವುದು ಅವನ ಕೆಲಸದಲ್ಲಿಲ್ಲ.

ಬಲಗಡೆ ಮೌಂಟು ಅರ್ಧ ಇಂಚು ಕಡಿಮೆ ಇಟ್ಟು ಕೊರೆದೆ.
ಎಡಕ್ಕೂ ಬಲಕ್ಕೂ ತಾಳೆಯಾಗಲಿಲ್ಲ;
ಮೂವತ್ತು ವರ್ಷದ ಕಸುಬಿಗೆ ಅದು ಕುಂದೇ.
ಸಾಹೇಬರು ಕೇಳಿದರೆ ಅಳತೆ ತಪ್ಪಿತು ಅನ್ನು, ಎಂದೆ.
ಬಾದಶಹನನ್ನು ಪೇಪರಿನಲ್ಲಿ ಸುರುಳಿ ಸುತ್ತಿ ಕೈಗಿತ್ತೆ.
ಹೊಸಿಲ ಹತ್ತಿರ ಹೋದವನು, ಅಭ್ಯಾಸಬಲ,
ಒಂದು ಪಕ್ಕಕ್ಕೆ ಸರಿದು ನಿಂತ,
ಒಳಗಿನಿಂದ ಯಾರೋ ಬರುವರೆಂಬಂತೆ.