ಇಪ್ಪತ್ತನಾಲ್ಕನೆಯದು ಇಲ್ಲದೆ

ಬೋಟುಗಳೆಲ್ಲ ಮಲ್ಪೆಯ ದಕ್ಕೆಗೆ ಮೈ ತಾಗಿಸಿ ನಿಂತ
ಅರುವತ್ತೊಂದು ದಿನ.
ಐಸ್ ಪ್ಲಾಂಟಿನ ಕ್ಯಾನುಗಳಲ್ಲಿ ನೀರು ನೀರಾಗಿಯೇ ಇತ್ತು.
ನನ್ನ ಪಾಳಿಯ ಕೆಲಸವೆಂದರೆ
ನಿಂತ ಕಂಪ್ರೆಸರಿಗೆ ಕಾವಲು ಕೂರುವುದು.

ಆಗ ಜೊವಿಟಾ ತಂದುಕೊಟ್ಟಳು ಸಂತೆಕಟ್ಟೆಯಿಂದ,
ಮೀನಿನ ವಾಸನೆ ಹತ್ತದ ಹಾಗೆ
ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ,
ಹತ್ತೊಂಬತ್ತರಿಂದ ಇಪ್ಪತ್ತೇಳರವರೆಗೆ:
ಉಪ್ಪುಕೋಟೆಯ ಮುತ್ತಿಗೆ.
ಎಂಬತ್ತಮೂರು ಅಧ್ಯಾಯ, ಒಂದೇ ಯುದ್ಧ.
"ಇಪ್ಪತ್ತನಾಲ್ಕು ಇಲ್ಲ," ಎಂದಳು,
"ಕೊಂಡುಹೋದವರು ಕೊಡಲಿಲ್ಲ."

ಬಲದಿಂದ ಎಡಕ್ಕೆ ಓದಬೇಕು.
ಮೂರು ದಿನ ನಾನು ಉತ್ತರ ಮೊದಲು ಕೇಳಿ
ಪ್ರಶ್ನೆ ಆಮೇಲೆ ಕೇಳಿದೆ.
ಸಫ್ವಾನ್ ಮಾತ್ರ ಎತ್ತಿಕೊಂಡವನೇ ಸರಿಯಾಗಿ ಶುರುಮಾಡಿದ.
"ಮದರಸದಲ್ಲಿ ಆರು ವರ್ಷ ಎಂತ ಮಾಡಿದ್ದು ಮತ್ತೆ?"

ಹೇಳಬೇಕಾದ್ದು ಹೇಳುತ್ತೇನೆ:
ಉದ್ದವಾಯಿತು ಮಾರಾಯರೇ.
ಒಂದು ಈಟಿ ಕೈಯಿಂದ ಹೊರಟು ಎದೆಗೆ ತಗಲಲು
ನಲುವತ್ತು ಪುಟ.
ಅಷ್ಟರಲ್ಲಿ ಎಸೆದವನಿಗೆ ಬಾಲ್ಯ ನೆನಪಾಗುತ್ತದೆ,
ಎದೆಯವನಿಗೆ ತಾಯಿ,
ನೋಡುತ್ತ ನಿಂತ ಕುದುರೆಗೂ ಒಂದು ಹಿನ್ನೆಲೆ.
ನಾನು ಎದ್ದುಹೋಗಿ ಚಾ ಕುಡಿದು, ಬನ್ಸ್ ತಿಂದು ಬಂದರೂ
ಈಟಿ ಗಾಳಿಯಲ್ಲೇ.
ಸೇನಾಪತಿ ಮೊರಿಟ್ಸು ಮೂರು ಸಲ ಸತ್ತ;
ಮೂರನೆಯದಕ್ಕೆ ನನ್ನ ಕಣ್ಣೀರಿನ ಸ್ಟಾಕು ಮುಗಿದಿತ್ತು.
ಕೋಟೆಯೊಳಗಿನ ಹೆಂಗಸರಿಗೆ ಗಾಯಕ್ಕೆ ಬಟ್ಟೆ ಸುತ್ತುವುದೊಂದೇ ಕೆಲಸ.
ದಕ್ಕೆಯಲ್ಲಿ ಏಲಂ ಕೂಗುವ ಹರಿಣಾಕ್ಷಿಯಕ್ಕ ಕೇಳಿದರೆ
ಬರೆದವನ ಗತಿ ಏನು!

ಆದರೆ,
ಹತ್ತೊಂಬತ್ತರಲ್ಲಿ ಮೂರೇ ಚೌಕದಲ್ಲಿ ಬಂದುಹೋದ
ಹಗ್ಗ ಹೊಸೆಯುವ ಮುದುಕ
ಇಪ್ಪತ್ತಾರರಲ್ಲಿ ತಿರುಗಿ ಬರುತ್ತಾನೆ.
ಬಾವಿಗೆ ಇಳಿಬಿಟ್ಟ ಹಗ್ಗ ತುಂಡಾಗುವುದಿಲ್ಲ, ಅಷ್ಟೆ.
ಯಾರೂ ಅವನ ಹೆಸರು ಕೇಳುವುದಿಲ್ಲ.
ಅವನು ತುದಿಯನ್ನು ಮುಟ್ಟಿ ನೋಡುತ್ತಾನೆ.
ಏಳು ಸಂಪುಟ ದಾಟಿ ಬಂದದ್ದಕ್ಕೆ ಆ ಹಗ್ಗಕ್ಕೆ ಭಾರವುಂಟು;
ಏಳು ಪುಟದಲ್ಲಿ ಬಂದಿದ್ದರೆ ಬರೀ ತೆಂಗಿನ ನಾರು.
ಬಲೆ ಹೆಣೆಯುವ ಪುರಂದರಣ್ಣನಿಗೆ ಆ ಪುಟ ತೋರಿಸಿದೆ.
ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ,
"ಗಂಟು ಬಿಡಿಸಿದ್ದು ಸರಿಯುಂಟು," ಎಂದರು.

ಇಪ್ಪತ್ತನಾಲ್ಕನ್ನು ಜೊವಿಟಾ ಬಾಯಲ್ಲೇ ಹೇಳಿದಳು,
ಮಳೆ ಹೊಳವಾದ ಒಂದು ಸಂಜೆ, ತಡೆಗೋಡೆಯ ಕಲ್ಲ ಮೇಲೆ.
ಹೇಗೆ ಉಪ್ಪು ಕರಗಿ ಉತ್ತರದ ಗೋಡೆ ಬಾಗಿತು,
ಹೇಗೆ ಅಂಬಿಗನ ತಂಗಿ ರಾತ್ರಿಯಿಡೀ ಒಬ್ಬಳೇ
ಹರಿದ ಹಾಯಿಗಳನ್ನು ಹೊಲಿದು ಅದಕ್ಕೆ ಹೊದೆಸಿದಳು.
ಬೆಳಗ್ಗೆ ಶತ್ರುಗಳಿಗೆ ಕಂಡದ್ದು ಗೋಡೆಯಲ್ಲ, ಗಾಳಿ ತುಂಬಿದ ಹಾಯಿ.
ಕೋಟೆಯೇ ತಮ್ಮ ಮೇಲೆ ಹೊರಟು ಬರುತ್ತಿದೆ ಎಂದು ಓಡಿದರು.
ಹೇಳುವಾಗ ಅವಳ ಕೈ ಅಳಿವೆಯ ಗಾಳಿಯಲ್ಲಿ
ಬಟ್ಟೆ ಬಿಡಿಸುತ್ತಿತ್ತು.
ಇಡೀ ಮುತ್ತಿಗೆಯಲ್ಲಿ ಅದೇ ಒಳ್ಳೆಯದೆಂದು
ಪ್ಲಾಂಟಿನಲ್ಲಿ ಎಲ್ಲರಿಗೂ ಸಾರಿದೆ.

ಆಗಸ್ಟು ಬಂತು. ಐಸ್ ಪುಡಿಮಾಡುವ ಯಂತ್ರಕ್ಕೆ ಉಸಿರಿಲ್ಲ.

ಎರಡು ವರ್ಷ ಕಳೆದು
ಹಂಪನಕಟ್ಟೆಯ ಹಳೆ ಪುಸ್ತಕದ ರಾಶಿಯಲ್ಲಿ
ಇಪ್ಪತ್ತನಾಲ್ಕು ಸಿಕ್ಕಿತು. ನೂರಿಪ್ಪತ್ತು ರೂಪಾಯಿ.
ಸರ್ವಿಸ್ ಬಸ್ಸಿನಲ್ಲಿ ಕಂಬಿಗೆ ಜೋತು ನಿಂತೇ ಓದಿದೆ.
ಮೂಲ್ಕಿಯ ಸೇತುವೆ ಬರುವಾಗ ಅರ್ಧ,
ಉಡುಪಿ ಬರುವಾಗ ಪೂರ್ತಿ.
ತಂಗಿ ಇಲ್ಲ. ಹಾಯಿ ಇಲ್ಲ.
ಸೇನಾಪತಿಗಳು ನಕ್ಷೆ ಹಾಸಿ
ನೂರೆಂಬತ್ತು ಪುಟ ಮಾತಾಡುತ್ತಾರೆ.
ಗೋಡೆಯದ್ದು ಒಂದು ಸಾಲು, ದೂತನ ಬಾಯಲ್ಲಿ.

ಜೊವಿಟಾ ಈಗ ಮಣಿಪಾಲದಲ್ಲಿ ರಾತ್ರಿಪಾಳಿಯ ನರ್ಸು.
(ಗಾಯಕ್ಕೆ ಬಟ್ಟೆ ಸುತ್ತುವವರ ಬಗ್ಗೆ
ನಾನು ಮೇಲೆ ಹೇಳಿದ್ದನ್ನು ಅವಳಿಗೆ ತಿಳಿಸಬೇಡಿ.)
ಫೋನು ಮಾಡಿ, "ಸಿಕ್ಕಿತು," ಎಂದೆ.
ಆಚೆ ಸ್ವಲ್ಪ ಹೊತ್ತು ಟ್ರಾಲಿಯ ಗಾಲಿಯ ಸದ್ದು.

"ಎಲ್ಲಿಯವರೆಗೆ ಓದಿದಿ?"
"ಅರ್ಧ," ಎಂದೆ. ಮುಗಿಸಿ ಮೂರು ದಿನವಾಗಿತ್ತು.
"ತಂಗಿ ಇನ್ನೂ ಬರಲಿಲ್ಲ."

"ಬರ್ತಾಳೆ," ಎಂದಳು.
"ಉದ್ದದ ಕತೆ ಅಲ್ವಾ."